ಬೆಳಕಿನ ಭೇದವೂ ಡಿಜಿಟಲ್ ಕ್ಯಾಮರಾದ ವರ್ಣಸಂಸ್ಕಾರವೂ

ಪ್ರಾಚೀನ ಚಿತ್ರಪಟಗಳನ್ನೂ ಓಲೆಯ ಪ್ರತಿಗಳನ್ನೂ ಡಿಜಿಟಲ್ ಕ್ಯಾಮರಾದಿಂದ ಚಿತ್ರಿಸಿಡುವ ಕಾರ್ಯವು ಈಗ ಹಲವೆಡೆಗಳಲ್ಲಿ ನಡೆಯುತ್ತಿರುವುದು. ಮೂಲವು ಮಾಸಿದ ಮೇಲೆ ಛಾಯಾಚಿತ್ರವೊಂದೇ ಸಾಕ್ಷಿಯಾಗಿ ಉಳಿಯಬಹುದಾದುದರಿಂದ, ಬಣ್ಣದ ವಿಷಯದಲ್ಲಿ ಆ ಸಾಕ್ಷಿಯು ಎಷ್ಟುಮಟ್ಟಿಗೆ ನಂಬತಕ್ಕುದೆಂಬುದು ವಿಚಾರಾರ್ಹವಾಗಿದೆ. ಕ್ಯಾಮರಾದೊಳಗೆ ತಯಾರಕರೇ ಅಳವಡಿಸಿರುವ ವರ್ಣಪ್ರೊಫೈಲುಗಳನ್ನು ನಾನಾ ಬೆಳಕುಗಳಲ್ಲಿ ಪರೀಕ್ಷಿಸಿದರೆ ಈ ವಿಚಾರವು ಸ್ಪಷ್ಟವಾಗುವುದು.

ಮೊದಲು ಯಂತ್ರದ ರೀತಿಯನ್ನು ತಿಳಿಯಬೇಕು. ಕ್ಯಾಮರಾದ ಸೆನ್ಸರು ತನ್ನಷ್ಟಕ್ಕೆ ಬಣ್ಣವನ್ನು ಅರಿಯದು. ಬಿದ್ದ ಬೆಳಕಿನ ಪ್ರಮಾಣವನ್ನು ಮಾತ್ರ ಅಳೆಯುವುದು. ಕೊಡಕ್ ಸಂಸ್ಥೆಯ ಬ್ರೈಸ್ ಬೇಯರ್ ಎಂಬಾತನು ಕಲ್ಪಿಸಿ 1976ರಲ್ಲಿ ಪೇಟೆಂಟ್ ಪಡೆದ ಏರ್ಪಾಡಿನಲ್ಲಿ, ಸೆನ್ಸರಿನ ಬಿಂದುಗಳ ಅರ್ಧ ಭಾಗದ ಮೇಲೆ ಹಸಿರು, ಕಾಲು ಭಾಗದ ಮೇಲೆ ಕೆಂಪು, ಉಳಿದ ಕಾಲು ಭಾಗದ ಮೇಲೆ ನೀಲಿ ಫಿಲ್ಟರುಗಳಿರುವುವು. ಹೀಗೆ ದೊರೆತ ಅಂಕಿಗಳ ಸಂಗ್ರಹವೇ ರಾ ಫೈಲು. ಇದರಿಂದ ಕಣ್ಣಿಗೆ ತೋರುವ ಜೆಪೆಗ್ ಚಿತ್ರವು ಸಿದ್ಧವಾಗಬೇಕಾದರೆ ಎರಡು ಸಂಸ್ಕಾರಗಳು ಮುಖ್ಯ. ಬೆಳಕಿನ ಬಣ್ಣವನ್ನು ಕಳೆದು ಬಿಳಿಯನ್ನು ಬಿಳಿಯಾಗಿ ತೋರಿಸುವ ವೈಟ್ ಬ್ಯಾಲೆನ್ಸು ಒಂದು. ಬಣ್ಣಗಳ ಗಾಢತೆಯನ್ನೂ ನೆರಳುಬೆಳಕುಗಳ ಅಂತರವನ್ನೂ ರುಚಿಗೆ ತಕ್ಕಂತೆ ತಿದ್ದುವ ಪ್ರೊಫೈಲು ಇನ್ನೊಂದು. ಇವೆರಡನ್ನೂ ಒಂದೆಂದು ಭಾವಿಸುವುದೇ ಅನೇಕ ಭ್ರಾಂತಿಗಳಿಗೆ ಕಾರಣ.

ಉದಾಹರಣೆಗೆ, ಫ್ಯೂಜಿಫಿಲ್ಮ್ ಸಂಸ್ಥೆಯ ಎಕ್ಸ್ ಶ್ರೇಣಿಯ ಕ್ಯಾಮರಾಗಳಲ್ಲಿ ಪ್ರೊವಿಯಾ, ವೆಲ್ವಿಯಾ, ಕ್ಲಾಸಿಕ್ ಕ್ರೋಮ್ ಮೊದಲಾದ ಪ್ರೊಫೈಲುಗಳುಂಟು. ವೆಲ್ವಿಯಾ ಎಂಬುದು 1990ರಲ್ಲಿ ಹೊರಬಂದ ಫಿಲ್ಮೊಂದರ ಹೆಸರು; ಕ್ಲಾಸಿಕ್ ಕ್ರೋಮ್ 2014ರಲ್ಲಿ ಸೇರಿದುದು. ಹೊಸದಾಗಿ ಬರೆದ ಮೈಸೂರು ಶೈಲಿಯ ಪಟವೊಂದನ್ನು ಪರೀಕ್ಷೆಗೆ ತೆಗೆದುಕೊಳ್ಳಬಹುದು; ಹಳೆಯ ಪಟವನ್ನು ಬಿಸಿಲಿಗೆ ಒಡ್ಡಲಾಗದು. ಸುಮಾರು 5500 ಕೆಲ್ವಿನ್ ಪ್ರಮಾಣದ ನಡುಹಗಲ ಬಿಸಿಲಿನಲ್ಲಿ ಪ್ರೊವಿಯಾ ಮಧ್ಯಮ ರೀತಿಯದಾಗಿ ತೋರುವುದು. ವೆಲ್ವಿಯಾದಲ್ಲಿ ಕೆಂಪು ಸೀರೆಯು ಉಜ್ಜ್ವಲವಾಗುವುದಾದರೂ ಅದರ ನೆರಿಗೆಗಳ ಸೂಕ್ಷ್ಮಭೇದಗಳು ಒಂದೇ ಕೆಂಪಿನಲ್ಲಿ ಮುಳುಗಿಹೋಗುವ ಭಯವುಂಟು. ಕ್ಲಾಸಿಕ್ ಕ್ರೋಮಿನಲ್ಲಿ ಬಣ್ಣಗಳು ತಗ್ಗುವುದರಿಂದ ಹೊಸ ಪಟವೂ ಹಳೆಯದರಂತೆ ಕಾಣುವುದು. ಮಾಸಿದ ಪಟವು ಇವುಗಳಲ್ಲಿ ಮೊದಲನೆಯದರಿಂದ ನವೀನವಾಗಿಯೂ, ನವೀನವಾದುದು ಎರಡನೆಯದರಿಂದ ಮಾಸಿದುದಾಗಿಯೂ ತೋರಿದರೆ ಸಂಶೋಧಕನ ಗತಿಯೇನು?

ಅದೇ ಪಟವನ್ನು ಜಗಲಿಯ ನೆರಳಿಗೆ ತಂದರೆ, ಅಲ್ಲಿ ಆಕಾಶದ ಬೆಳಕೇ ಪ್ರಧಾನವಾಗಿ 7000 ಕೆಲ್ವಿನ್ನಿಗೂ ಮೀರಬಹುದು. ವೈಟ್ ಬ್ಯಾಲೆನ್ಸನ್ನು ಬಿಸಿಲಿಗೆಂದು ನಿಲ್ಲಿಸಿದ್ದ ಪಕ್ಷದಲ್ಲಿ ವರ್ಣಪ್ರೊಫೈಲುಗಳೆಲ್ಲವೂ ನೀಲಿಗೆ ತಿರುಗುವುವು. ಸುಮಾರು 2800 ಕೆಲ್ವಿನ್ನಿನ ತಂತಿಯ ಬಲ್ಬಿನ ಬೆಳಕಿನಲ್ಲಿ ಬಿಳಿಯು ಕಿತ್ತಳೆಯಾಗುವುದು. ದಾಸವಾಳದ ಸಾನ್ನಿಧ್ಯದಲ್ಲಿ ಸ್ಫಟಿಕವು ಕೆಂಪಾಗಿ ತೋರುವಂತೆ ಇದು ಉಪಾಧಿಯ ದೋಷವೇ ಹೊರತು ಪ್ರೊಫೈಲಿನದಲ್ಲ; ವೈಟ್ ಬ್ಯಾಲೆನ್ಸನ್ನು ಸರಿಪಡಿಸಿದರೆ ಬಹುಮಟ್ಟಿಗೆ ಪರಿಹಾರವಾಗುವುದು. ಕಿಟಕಿಯ ಬೆಳಕೂ ದೀಪದ ಬೆಳಕೂ ಬೆರೆತಲ್ಲಿ ಮಾತ್ರ ಒಂದೇ ತಿದ್ದುಪಡಿಯು ಇಡೀ ಪಟಕ್ಕೆ ಹೊಂದಲಾರದು.

ಎಲ್‌ಇಡಿ ದೀಪಗಳ ವಿಷಯವು ಇನ್ನೂ ಸೂಕ್ಷ್ಮವಾದುದು. ಇವುಗಳ ಗುಣವನ್ನು ಸೂಚಿಸುವ ಸಿಆರ್‌ಐ ಅಂಕಿಯು ಎಂಟು ಸೌಮ್ಯವರ್ಣಗಳ ಸರಾಸರಿಯೇ ಆಗಿದ್ದು, ಗಾಢವಾದ ಕೆಂಪು ಅದರಲ್ಲಿ ಸೇರಿಲ್ಲ. ಆದುದರಿಂದ ಅಂಕಿಯು ಹೆಚ್ಚಾಗಿದ್ದರೂ ದೀಪದಲ್ಲಿ ಕೆಂಪು ಕಿರಣಗಳು ಕೊರತೆಯಾಗಿರಬಹುದು. ಬೆಳಕಿನಲ್ಲಿಯೇ ಇಲ್ಲದ ಅಂಶವನ್ನು ಯಾವ ಪ್ರೊಫೈಲೂ ನಿಜವಾಗಿ ತಂದುಕೊಡಲಾರದು; ಇರುವ ಕೆಂಪನ್ನು ಹಿಗ್ಗಿಸಬಲ್ಲುದಷ್ಟೆ.

ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಈ ನ್ಯಾಯವು ಹೊಸದಲ್ಲ. ಮಾತೃಕೆಯ ಪಾಠವನ್ನು ಅಂದಗೊಳಿಸಲೆಂದು ಲಿಪಿಕಾರನು ತಿದ್ದಿದರೆ ಪ್ರತಿಯು ಸೊಗಸಾಗಬಹುದು, ಪ್ರಮಾಣವಾಗದು. ಪ್ರೊಫೈಲು ಅಂತಹ ಲಿಪಿಕಾರನು. ಉತ್ಸವದ ಚಿತ್ರಕ್ಕೆ ವೆಲ್ವಿಯಾ ಭೂಷಣವೇ ಆಗಲಿ. ದಾಖಲೆಗಾದರೋ ಒಂದೇ ಬಗೆಯ ಬೆಳಕನ್ನು ಏರ್ಪಡಿಸಿ, ಬೂದುಬಣ್ಣದ ಕಾರ್ಡಿನಿಂದ ವೈಟ್ ಬ್ಯಾಲೆನ್ಸನ್ನು ನಿಶ್ಚಯಿಸಿ, 24 ವರ್ಣಗಳ ಪರೀಕ್ಷಾಫಲಕವನ್ನು ಪಟದ ಪಕ್ಕದಲ್ಲಿಯೇ ಸೇರಿಸಿ ಚಿತ್ರಿಸಬೇಕು. ಜೆಪೆಗಿನೊಡನೆ ರಾ ಫೈಲನ್ನೂ ತಪ್ಪದೆ ಕಾಪಾಡಿ, ದೀಪದ ಜಾತಿಯನ್ನೂ ಪ್ರೊಫೈಲಿನ ಹೆಸರನ್ನೂ ಬರೆದಿಡಬೇಕು. ಆಗ ಮುಂದಿನವರು ಸಂಸ್ಕಾರವನ್ನು ಬೇರ್ಪಡಿಸಿ ಮೂಲದ ಬಣ್ಣಕ್ಕೆ ಸಮೀಪವಾಗಿ ಹೋಗಬಲ್ಲರು.