ನೀಲಗಾರರ ಹೊಳೆದಾರಿ

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ ಸೀಮೆಯಲ್ಲಿ ‘ಧರೆಗೆ ದೊಡ್ಡವರು’ ಎಂದರೆ ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಅವರು ಮಂಟೇಸ್ವಾಮಿ. ಅವರ ಗದ್ದುಗೆ ಇರುವ ಬೊಪ್ಪೇಗೌಡನಪುರ ಇದೇ ಸೀಮೆಯ ಊರು; ಜನರ ಬಾಯಲ್ಲಿ ಬಿ.ಜಿ. ಪುರ. ಹಣೆಗೆ ಕಪ್ಪುಧೂಳ್ತ ಹಚ್ಚಿ, ಹೆಗಲಿಗೆ ತಂಬೂರಿ ಆನಿಸಿ, ಕೈಯಲ್ಲಿ ಗಗ್ಗರ ಹಿಡಿದು ರಾತ್ರಿಯಿಡೀ ಅವರ ಕಥೆ ಹಾಡುವವರು ನೀಲಗಾರರು. ಒಬ್ಬರು ಕಥೆ ನಡೆಸುತ್ತಾರೆ, ಹಿಮ್ಮೇಳದವರು ಸೊಲ್ಲು ಎತ್ತಿಕೊಳ್ಳುತ್ತಾರೆ, ನಡುನಡುವೆ ಹಾಡು ನಿಂತು ಮಾತಾಗುತ್ತದೆ. ದೀಕ್ಷೆ ಪಡೆದು ಹಾಡುವ ಪರಂಪರೆ ಇದು.

ಅವರು ಹಾಡುವ ಈ ಮಂಟೇಸ್ವಾಮಿ ಮಹಾಕಾವ್ಯ ‘ಸಾಲು’ಗಳಲ್ಲಿ, ಅಂದರೆ ಕಥಾಭಾಗಗಳಲ್ಲಿ, ಸಾಗುತ್ತದೆ. ಕಲ್ಯಾಣದ ಸಾಲಿನಲ್ಲಿ ಮಂಟೇಸ್ವಾಮಿ ಕುಷ್ಠರೋಗಿಯ ವೇಷದಲ್ಲಿ ಬಸವಣ್ಣನ ಬಾಗಿಲಿಗೆ ಬಂದು ಶರಣರನ್ನು ಪರೀಕ್ಷಿಸುತ್ತಾರೆ. ಬಾಗಿಲಲ್ಲಿ ತಡೆದವರು ಯಾರು, ಗುರುತಿಸಿದವರು ಯಾರು ಎಂಬುದನ್ನು ನೀಲಗಾರರು ಹಾಡುವಾಗ ಕೇಳಬೇಕು. ಕಾಯಕ, ದಾಸೋಹ, ಸಮಾನತೆ ಎಂಬ ದೊಡ್ಡ ಮಾತುಗಳನ್ನೆಲ್ಲ ಹಟ್ಟಿಯ ಬಾಗಿಲಲ್ಲಿ ನಿಂತು ಒರೆಗೆ ಹಚ್ಚಿದ ಕಾವ್ಯ ಕನ್ನಡದಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬುತ್ತೇನೆ. ಜೀ.ಶಂ. ಪರಮಶಿವಯ್ಯ, ಹಿ.ಚಿ. ಬೋರಲಿಂಗಯ್ಯ ಅವರಂಥ ವಿದ್ವಾಂಸರು ಇದನ್ನು ಗಾಯಕರ ಬಾಯಿಂದ ಪುಸ್ತಕಕ್ಕೆ ಇಳಿಸಿದರು. ಎಚ್.ಎಸ್. ಶಿವಪ್ರಕಾಶರ ‘ಮಂಟೇಸ್ವಾಮಿ ಕಥಾಪ್ರಸಂಗ’ ಇದನ್ನು ರಂಗಕ್ಕೆ ತಂದಿತು. ಕ್ಯಾಸೆಟ್ಟಿನ ಕಾಲದಲ್ಲಿ ಮಳವಳ್ಳಿ ಮಹದೇವಸ್ವಾಮಿಯವರ ಕಂಠ ಈ ಕಥೆಗಳನ್ನು ಬಸ್ಸು, ಟೀ ಅಂಗಡಿ, ಟ್ರ್ಯಾಕ್ಟರುಗಳವರೆಗೂ ಮುಟ್ಟಿಸಿತು.

ಈ ಕಾವ್ಯಕ್ಕೆ ತನ್ನದೇ ಒಂದು ಭೂಪಟವಿದೆ. ಸಿದ್ದಪ್ಪಾಜಿಯ ಕಥೆಯನ್ನೇ ನೋಡಿ. ಮುಂದೆ ಸಿದ್ದಪ್ಪಾಜಿಯಾದ ಹುಡುಗ ಕೆಂಪಾಚಾರಿ ಹುಟ್ಟಿದ್ದು ನಿಡಘಟ್ಟದಲ್ಲಿ, ಅದು ಮಂಡ್ಯ ಜಿಲ್ಲೆಯದೇ ಮದ್ದೂರು ತಾಲ್ಲೂಕು. ಮಂಟೇಸ್ವಾಮಿಯ ಶಿಶುಮಗನಾದ ಮೇಲೆ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆಗೆ ಹೋಗಿದ್ದು ಹಲಗೂರಿಗೆ, ಅದು ಮಳವಳ್ಳಿ ತಾಲ್ಲೂಕು. ಕೊನೆಗೆ ಗದ್ದುಗೆಯಾಗಿದ್ದು ಕಾವೇರಿ ಹೊಳೆಯಾಚೆಯ ಚಿಕ್ಕಲ್ಲೂರಿನಲ್ಲಿ, ಅದು ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು. ಇನ್ನು ಇದೇ ಕಾವ್ಯದ ರಾಚಪ್ಪಾಜಿ, ಚೆನ್ನಾಜಮ್ಮನವರ ಕಪ್ಪಡಿ ಇರುವುದು ಮೈಸೂರು ಜಿಲ್ಲೆಯಲ್ಲಿ, ಕೃಷ್ಣರಾಜನಗರದ ಕಡೆ, ಅದೂ ಕಾವೇರಿ ದಂಡೆಯಲ್ಲೇ. ಕಥೆ ಒಂದೇ, ಹೊಳೆ ಒಂದೇ, ಕಚೇರಿಗಳು ಮಾತ್ರ ಮೂರು.

ಈ ಗಡಿಗಳು ಬಹಳ ಹಳೆಯವೇನೂ ಅಲ್ಲ. ಮಂಡ್ಯ ಮೈಸೂರಿನಿಂದ ಬೇರೆ ಜಿಲ್ಲೆಯಾದದ್ದು 1939ರಲ್ಲಿ. ಕೊಳ್ಳೇಗಾಲವಂತೂ 1956ರ ನವೆಂಬರ್ 1ರವರೆಗೆ ಮದರಾಸಿಗೆ, ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಚಾಮರಾಜನಗರ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಸರ್ಕಾರದ ನಕ್ಷೆ ಇಷ್ಟು ಸಲ ಬದಲಾದರೂ ಮಂಟೇಸ್ವಾಮಿ ಒಕ್ಕಲಿನವರ ನಕ್ಷೆ ಬದಲಾಗಲಿಲ್ಲ.

ಬನದ ಹುಣ್ಣಿಮೆಗೆ ಶುರುವಾಗುವ ಚಿಕ್ಕಲ್ಲೂರು ಜಾತ್ರೆಯ ಐದು ದಿನಗಳಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಮೊದಲ ರಾತ್ರಿ ಚಂದ್ರಮಂಡಲ: ಬಿದಿರು, ಬಟ್ಟೆಗಳಿಂದ ಕಟ್ಟಿದ ಮಂಡಲಕ್ಕೆ ಜ್ಯೋತಿ ಮುಟ್ಟಿಸುವವರು ಹೊಳೆಯ ಈಚೆಯಿಂದ ಹೋದ ಬೊಪ್ಪೇಗೌಡನಪುರ ಮಠದ ಸ್ವಾಮಿಗಳು. ಜ್ವಾಲೆ ಯಾವ ದಿಕ್ಕಿಗೆ ಚೆನ್ನಾಗಿ ಉರಿಯುವುದೋ ಆ ದಿಕ್ಕಿಗೆ ಮಳೆ ಬೆಳೆ ಚೆನ್ನ ಎಂದು ರೈತರು ಉಸಿರು ಬಿಗಿಹಿಡಿದು ನೋಡುತ್ತಾರೆ. ಆಮೇಲೆ ದೊಡ್ಡವರ ಸೇವೆ, ಮುಡಿ ಸೇವೆ. ನಾಲ್ಕನೆಯ ದಿನದ ಪಂಕ್ತಿ ಸೇವೆಯಲ್ಲಿ ಬಿಡಾರ ಹೂಡಿದ ಒಕ್ಕಲಿನವರು ಜಾತಿ ಕೇಳದೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ. ಕೊನೆಯ ದಿನದ ಸೇವೆ ಮುತ್ತತ್ತಿರಾಯನದು. ಮುತ್ತತ್ತಿ ಇರುವುದೋ ಮತ್ತೆ ಮಳವಳ್ಳಿ ತಾಲ್ಲೂಕಿನಲ್ಲಿ! ಒಂದು ದಂಡೆಯ ಜಾತ್ರೆ ಇನ್ನೊಂದು ದಂಡೆಯ ದೇವರನ್ನು ನೆನೆದೇ ಮುಗಿಯುತ್ತದೆ.

ಇದೇ ಹೊಳೆಯ ಗುಂಟ ಇನ್ನೂ ಎಷ್ಟೋ ಜೋಡಣೆಗಳೂ ತಾಣಗಳೂ ಇವೆ. ಶ್ರೀರಂಗಪಟ್ಟಣ ಆದಿರಂಗ, ಶಿವನಸಮುದ್ರ ಮಧ್ಯರಂಗ, ತಮಿಳುನಾಡಿನ ಶ್ರೀರಂಗ ಅಂತ್ಯರಂಗ. ತಲಕಾಡಿನ ಪಂಚಲಿಂಗ ದರ್ಶನಕ್ಕೆ (ಈಚಿನದು 2020ರಲ್ಲಿ ನಡೆಯಿತು) ಮುಡುಕುತೊರೆಯ ಮಲ್ಲಿಕಾರ್ಜುನನೂ ಸೇರಲೇಬೇಕು. ತಿರುಮಕೂಡಲು ನರಸೀಪುರದಲ್ಲಿ 1989ರಿಂದ ಕುಂಭಮೇಳ ನಡೆದುಬಂದಿದೆ. ಸೋಮನಾಥಪುರದ ಕೇಶವ ದೇವಾಲಯ 2023ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿತು.

ಆದರೂ ಶಿವನಸಮುದ್ರದಲ್ಲಿ ಕಾವೇರಿ ಕವಲೊಡೆದು ಎರಡು ಕಡೆ ಧುಮುಕಿದಂತೆ ನಮ್ಮ ಉತ್ಸವಗಳೂ ಕವಲೊಡೆದಿವೆ. ಗಗನಚುಕ್ಕಿಯ ಜಲಪಾತೋತ್ಸವ ಮಂಡ್ಯದ್ದು, ಭರಚುಕ್ಕಿಯದು ಚಾಮರಾಜನಗರದ್ದು. ಬೆಂಗಳೂರಿನಿಂದ ಬಂದವರು ಗಗನಚುಕ್ಕಿ ನೋಡಿ, ಸೆಲ್ಫಿ ತೆಗೆದು, ಸಂಜೆಗೆ ಊರು ಸೇರುತ್ತಾರೆ. ಬಿ.ಜಿ. ಪುರ ಎಂಬ ಊರಿದೆಯೆಂದು, ಅಲ್ಲಿ ತಂಬೂರಿ ನುಡಿಸುವವರಿದ್ದಾರೆಂದು ಅವರಿಗೆ ಹೇಳುವವರಿಲ್ಲ. ಅಮೆರಿಕದ ಮಿಸಿಸಿಪ್ಪಿ ನದಿಯ ಎರಡೂ ದಂಡೆಗಳಲ್ಲಿ, ಅಯೋವಾ ಮತ್ತು ಇಲಿನಾಯ್ ಎಂಬ ಎರಡು ರಾಜ್ಯಗಳಿಗೆ ಹಂಚಿಹೋದ ಡೇವನ್‌ಪೋರ್ಟ್, ರಾಕ್ ಐಲೆಂಡ್, ಮೊಲೀನ್ ಮುಂತಾದ ಊರುಗಳು ‘ಕ್ವಾಡ್ ಸಿಟೀಸ್’ ಎಂಬ ಒಂದೇ ಹೆಸರಿನಲ್ಲಿ ಪ್ರವಾಸಿಗರನ್ನು ಕರೆಯುತ್ತವೆ. ಎರಡೂ ದಂಡೆಗೆ ಪ್ರವಾಸೋದ್ಯಮ ಸಂಸ್ಥೆ ಒಂದೇ. ಎರಡು ರಾಜ್ಯಗಳ ಊರುಗಳು ಮಾಡಿದ್ದನ್ನು ಒಂದೇ ರಾಜ್ಯದ ಮೂರು ಜಿಲ್ಲೆಗಳು ಮಾಡಲಾರವೆ?

ನನ್ನ ಅಂಜಿಕೆ ಬೇರೆಯಿದೆ. ಪ್ರವಾಸೋದ್ಯಮ ಎಂದೊಡನೆ ನಮ್ಮ ಉತ್ಸವಗಳು ಸಿನಿಮಾ ಗಾಯಕರಿಗೆ ಇರುಳೆಲ್ಲ ಕೊಟ್ಟು, ಜನಪದ ಕಲಾವಿದರನ್ನು ಮೆರವಣಿಗೆಯಲ್ಲಿ ನಡೆಸಿ ಕೈತೊಳೆದುಕೊಳ್ಳುತ್ತವೆ. ಪೂಜಾ ಕುಣಿತಕ್ಕೆ, ಬೀಸು ಕಂಸಾಳೆಗೆ ಮೆರವಣಿಗೆ ಹೇಗೋ ಒಗ್ಗೀತು. ನೀಲಗಾರರ ಹಾಡಿಗೆ ಖಂಡಿತ ಒಗ್ಗದು. ಅದಕ್ಕೆ ಕೂರುವ ಕೇಳುಗರು ಬೇಕು, ಒಂದು ಇರುಳು ಬೇಕು. ಹತ್ತು ನಿಮಿಷದಲ್ಲಿ ಸಿದ್ದಪ್ಪಾಜಿ ಹಲಗೂರಿನ ಬಾಗಿಲನ್ನೂ ದಾಟುವುದಿಲ್ಲ. ಜಾತ್ರೆಯನ್ನು ಪ್ರದರ್ಶನ ಮಾಡುವುದೂ ಬೇಡ. ಅದು ಒಕ್ಕಲಿನವರದು, ಅತಿಥಿಗಳು ಅತಿಥಿಗಳಾಗಿಯೇ ಬರಲಿ.

ಮೂರೂ ಜಿಲ್ಲೆಗಳವರು ಕೂತು ಒಂದು ಪಂಚಾಂಗ ಮಾಡಿಕೊಂಡರೆ ಸಾಕು, ಕೆಲಸ ಅರ್ಧ ಮುಗಿಯುತ್ತದೆ. ಬನದ ಹುಣ್ಣಿಮೆಗೆ ಚಿಕ್ಕಲ್ಲೂರು, ಶಿವರಾತ್ರಿಯಿಂದ ಕಪ್ಪಡಿ, ಮಳೆಗಾಲಕ್ಕೆ ಜಲಪಾತ. ದಿನಗಳನ್ನು ಹೊಸದಾಗಿ ಹುಡುಕಬೇಕಿಲ್ಲ. ಬಂದವರು ಉಳಿಯಲು ಹಳ್ಳಿಯ ಮನೆಗಳು, ಉಣ್ಣಲು ರಾಗಿಮುದ್ದೆ. ಬಾಡೂಟದ ಮಾತಿಗೆ ಬಂದರೆ, ಹೆಸರುವಾಸಿ ಬಂಡೂರು ಕುರಿಯ ಬಂಡೂರೂ ಮಳವಳ್ಳಿ ತಾಲ್ಲೂಕಿನದೇ. ಹಾಡುವವರಿಗೆ ರಾತ್ರಿಯ ಲೆಕ್ಕದಲ್ಲಿ, ಹಿಮ್ಮೇಳಕ್ಕೂ ಸೇರಿಸಿ, ಸ್ಥಳದಲ್ಲೇ ಸಂಭಾವನೆ ಸಲ್ಲಬೇಕು. ಶುರುಮಾಡಲು ಜಲಪಾತೋತ್ಸವಗಳನ್ನೇ ಎರಡು ರಾತ್ರಿಗೆ ಜೋಡಿಸಬಹುದು: ಮೊದಲ ರಾತ್ರಿ ಗಗನಚುಕ್ಕಿಯ ದಂಡೆಯಲ್ಲಿ ಹಲಗೂರು ಪಾಂಚಾಳರ ಸಾಲು, ಬೆಳಗಾದ ಮೇಲೆ ಕೇಳುಗರನ್ನು ಬಸ್ಸಿನಲ್ಲಿ ಸೇತುವೆ ದಾಟಿಸಿ, ಮರುರಾತ್ರಿ ಭರಚುಕ್ಕಿಯ ದಂಡೆಯಲ್ಲಿ ಸಿದ್ದಪ್ಪಾಜಿ ಚಿಕ್ಕಲ್ಲೂರಿಗೆ ಬಂದು ನೆಲೆಸಿದ ಕಥೆ.