ಕಾಲು ಉಳುಕಿದರೆ ಏನು ಮಾಡಬೇಕು?

ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತುವಾಗ ಬರುವುದು ಏದುಸಿರು. ಕಾಲು ಉಳುಕುವುದು ಹೆಚ್ಚಾಗಿ ಇಳಿಯುವಾಗ. ಆಟದ ಮೈದಾನದಲ್ಲೂ ಪಾದದ ಕೀಲಿಗೆ ಇದೇ ಪಾಡು. ಬಹುಪಾಲು ಉಳುಕುಗಳಿಗೆ ಶಸ್ತ್ರಚಿಕಿತ್ಸೆ ಬೇಕಿಲ್ಲ. ಆದರೆ ನಾಲ್ಕು ಹೆಜ್ಜೆ ಇಡಲೂ ಆಗದಿದ್ದರೆ, ಕೀಲಿನ ಪಕ್ಕದ ಉಬ್ಬು ಮೂಳೆ ಒತ್ತಿದರೆ ನೋವಾದರೆ ಎಕ್ಸ್‌ರೇ ತೆಗೆಸಲೇಬೇಕು.

ಮೊದಲ ಎರಡು ಮೂರು ದಿನ ಎಣ್ಣೆ ಹಾಕಿ ತಿಕ್ಕುವುದು, ಬಿಸಿ ಶಾಖ ಕೊಡುವುದು ಬೇಡ (ಮನೆಯ ಹಿರಿಯರು ಒಪ್ಪಲಿಕ್ಕಿಲ್ಲ!), ಊತ ಹೆಚ್ಚುತ್ತದೆ. ಕ್ರೇಪ್ ಬ್ಯಾಂಡೇಜ್ ಸುತ್ತಿ ಕಾಲನ್ನು ದಿಂಬಿನ ಮೇಲಿಡಿ. ಬಳಿಕ ನೋವು ತಾಳುವಷ್ಟು ನಡೆಯಿರಿ, ಗೋಡೆ ಹಿಡಿದು ಒಂಟಿ ಕಾಲಿನಲ್ಲಿ ನಿಲ್ಲುವ ಅಭ್ಯಾಸ ಮಾಡಿ. ಸಮತೋಲನದ ಈ ವ್ಯಾಯಾಮ ಬಿಟ್ಟವರಿಗೆ ಅದೇ ಕಾಲು ಮತ್ತೆ ಉಳುಕುವ ಸಾಧ್ಯತೆ ಹೆಚ್ಚು.

ಅವಸರವೂ ಬೇಡ. 2025ರ ಜನವರಿಯಲ್ಲಿ ಸಿಡ್ನಿ ಟೆಸ್ಟ್‌ನಲ್ಲಿ ಬೆನ್ನುನೋವಿಗೆ ತುತ್ತಾದ ಜಸ್‌ಪ್ರೀತ್ ಬುಮ್ರಾ ಚಾಂಪಿಯನ್ಸ್ ಟ್ರೋಫಿಯನ್ನೇ ಬಿಟ್ಟು, ಬೆಂಗಳೂರಿನ ಬಿಸಿಸಿಐ ಕೇಂದ್ರದಲ್ಲಿ ಪುನಶ್ಚೇತನ ಪಡೆದು ಏಪ್ರಿಲ್‌ನಲ್ಲಿ ಆಟಕ್ಕೆ ಮರಳಿದರು.

ದಶಲಕ್ಷಣ ಪರ್ವದಲ್ಲಿ ಉಪವಾಸವಿರುವವರು ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲಿ ನುಂಗಬಾರದು. ಜಠರಕ್ಕೂ, ನೀರೂ ಬಿಟ್ಟಿದ್ದರೆ ಮೂತ್ರಪಿಂಡಕ್ಕೂ ಅಪಾಯ. ಉಪವಾಸದ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಿ.