ಕಾಡುಹಂದಿ ಹೊಡೆಯಲು ಯಾವ ಬಂದೂಕು ಒಳ್ಳೆಯದು? ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ

ಹೆಲಿಕಾಪ್ಟರ್‌ನಲ್ಲಿ ಕೂತವರು ಕೆಳಗೆ ಓಡುವ ಹಂದಿ ಹಿಂಡಿನ ಮೇಲೆ ಗುಂಡು ಹಾರಿಸುವ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಇಂಥ ವಿಡಿಯೊಗಳ ಕೆಳಗೆ 'ಬೆಳೆ ಉಳಿಸಿಕೊಳ್ಳಲು ರೈತರು ಹಂದಿ ಹೊಡೆಯಬಹುದು, ಲೈಸೆನ್ಸ್ ಬೇಡ, ಎಲ್ಲರಿಗೂ ಶೇರ್ ಮಾಡಿ' ಎಂಬ ಸಾಲು ಸೇರಿಕೊಳ್ಳುತ್ತದೆ. ಆಮೇಲೆ ಗುಂಪಿನಲ್ಲಿ ಯಾರಾದರೂ ಕೇಳುತ್ತಾರೆ: ಯಾವ ಬಂದೂಕು ಒಳ್ಳೆಯದು?

ಈ ಪ್ರಶ್ನೆಯ ಹಿಂದಿನ ಸಂಕಟ ಸುಳ್ಳಲ್ಲ. ಕಿಬ್ಬನಹಳ್ಳಿಯಿಂದ ತುರುವೇಕೆರೆ, ಚಿಕ್ಕನಾಯಕನಹಳ್ಳಿವರೆಗಿನ ತೆಂಗಿನ ಸೀಮೆಯಲ್ಲಿ ಎಳೆ ತೆಂಗಿನ ಸಸಿಯ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಹಂದಿ ಒಂದೇ ರಾತ್ರಿಯಲ್ಲಿ ಸಸಿಯ ಬುಡ ಬಗೆದು ಒಳಗಿನ ಮೆತ್ತನೆಯ ಭಾಗ ತಿಂದು ಹೋಗುತ್ತದೆ. ಹೋದ ಸಸಿಯ ಜೊತೆ ಅದನ್ನು ಸಾಕಿದ ವರ್ಷಗಳೂ ಹೋಗುತ್ತವೆ. ಆದರೆ ಆ ಫಾರ್ವರ್ಡ್ ನಂಬಿ ಬಂದೂಕು ಹಿಡಿದರೆ ಸಸಿಯ ಜೊತೆ ರೈತನೂ ಕಷ್ಟಕ್ಕೆ ಸಿಲುಕುತ್ತಾನೆ. ಯಾಕೆ ಎಂದು ನೋಡೋಣ.

ಆ ವಿಡಿಯೊ ಎಲ್ಲಿಯದು?

ಹೆಲಿಕಾಪ್ಟರ್ ಬೇಟೆಗೆ ಹೆಸರಾದದ್ದು ಅಮೆರಿಕದ ಟೆಕ್ಸಾಸ್. ಅಲ್ಲಿನ ಹಂದಿಗಳು ಆ ನೆಲದವಲ್ಲ. 16ನೇ ಶತಮಾನದಲ್ಲಿ ಸ್ಪೇನಿನವರು ಅಮೆರಿಕಕ್ಕೆ ತಂದ ಸಾಕುಹಂದಿಗಳು ತಪ್ಪಿಸಿಕೊಂಡು ಕಾಡು ಸೇರಿದವು. ಮುಂದೆ ಬೇಟೆಗೆಂದೇ ತಂದುಬಿಟ್ಟ ಯುರೋಪಿನ ಕಾಡುಹಂದಿಗಳೂ ಅವುಗಳೊಡನೆ ಬೆರೆತವು. ಹೊರಗಿನಿಂದ ಬಂದ ಪಿಡುಗು ಎಂಬ ಕಾರಣಕ್ಕೆ ಅಲ್ಲಿ ಕಾನೂನು ಸಡಿಲ. ಜಮೀನಿನ ಒಡೆಯನ ಒಪ್ಪಿಗೆ ಇದ್ದರೆ, 2019ರಿಂದ ಖಾಸಗಿ ಜಮೀನಿನಲ್ಲಿ ಅವನ್ನು ಹೊಡೆಯಲು ಬೇಟೆ ಲೈಸೆನ್ಸ್ ಕೂಡ ಬೇಡ.

ನಮ್ಮ ಕಾಡುಹಂದಿ ಇಲ್ಲಿಯದೇ ವನ್ಯಜೀವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ. 2022ರ ತಿದ್ದುಪಡಿಯ ನಂತರ ಅದು ಎರಡನೇ ಅನುಸೂಚಿಯಲ್ಲಿದೆ. ಅನುಮತಿ ಇಲ್ಲದೆ ಕೊಂದರೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಒಂದಲ್ಲ, ಎರಡು ಅನುಮತಿ

ಹೆಚ್ಚಿನ ಫಾರ್ವರ್ಡ್‌ಗಳು ಎಡವುವುದು ಇಲ್ಲೇ. ಬಂದೂಕಿಗೆ ಒಂದು ಅನುಮತಿ, ಪ್ರಾಣಿಗೆ ಇನ್ನೊಂದು.

ಬಂದೂಕಿನ ಲೈಸೆನ್ಸ್ ಸಿಗುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ. ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕನ್ನು ಬೆಳೆ ರಕ್ಷಣೆಗೆಂದು ಇಟ್ಟುಕೊಳ್ಳಲು ಆ ಕಾಯ್ದೆಯಲ್ಲೇ ಅವಕಾಶವಿದೆ. ಆದರೆ ಅದು ಬಂದೂಕು ಇಟ್ಟುಕೊಳ್ಳುವ ಪರವಾನಗಿಯೇ ಹೊರತು ಹಂದಿ ಹೊಡೆಯುವ ಪರವಾನಗಿ ಅಲ್ಲ. ಬೆಳೆಗೆ ಹಾನಿ ಮಾಡುವ ಹಂದಿಯನ್ನು ಕೊಲ್ಲಲು ವನ್ಯಜೀವಿ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ದಾಖಲಿಸಿ ಲಿಖಿತ ಆದೇಶ ನೀಡಬೇಕು.

ಹಂದಿ ಮೈಮೇಲೆ ಬಿದ್ದಾಗ ಜೀವ ಉಳಿಸಿಕೊಳ್ಳಲು ಕೊಂದರೆ ಅಪರಾಧವಲ್ಲ. ಆಗಲೂ ಸತ್ತ ಹಂದಿ ಸರ್ಕಾರದ ಸ್ವತ್ತು, ಮಾಂಸ ಹಂಚಿಕೊಳ್ಳುವ ಹಾಗಿಲ್ಲ.

'ಕೊಡಗಿನಲ್ಲಿ ಲೈಸೆನ್ಸ್ ಬೇಡವಲ್ಲ?' ಎಂದು ನೀವು ಕೇಳಬಹುದು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ವಿನಾಯಿತಿ ಇರುವುದು ನಿಜ. 2019ರಲ್ಲಿ ಅದನ್ನು 10 ವರ್ಷ ವಿಸ್ತರಿಸಲಾಯಿತು. ಆದರೆ ಆ ವಿನಾಯಿತಿ ಬಂದೂಕಿಗೆ ಮಾತ್ರ, ಬೇಟೆಗಲ್ಲ.

'ಹಂದಿ ಹೊಡೆಯಲು ಸರ್ಕಾರದ ಒಪ್ಪಿಗೆ' ಎಂಬ ಪತ್ರಿಕೆ ಕಟಿಂಗ್ ಬಂದರೆ ಯಾವ ರಾಜ್ಯ, ಯಾವ ವರ್ಷ ಎಂದು ನೋಡಿ. 2016ರಲ್ಲಿ ಉತ್ತರಾಖಂಡದ ಕೆಲವು ಜಿಲ್ಲೆಗಳಲ್ಲಿ ಒಂದು ವರ್ಷದ ಮಟ್ಟಿಗೆ ಕಾಡುಹಂದಿಯನ್ನು ಪಿಡುಗು ಎಂದು ಘೋಷಿಸಲಾಗಿತ್ತು. 2022ರಲ್ಲಿ ಕೇರಳ ಸರ್ಕಾರ ಈ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿತು. ಆ ಆದೇಶಗಳು ನಮ್ಮ ತೋಟಕ್ಕೆ ಅನ್ವಯಿಸುವುದಿಲ್ಲ.

ಏರ್‌ಗನ್, ನಾಡಬಂದೂಕು ಸಾಲದೇ?

ಸಾಲದು. ಬಲಿತ ಗಂಡುಹಂದಿಯ ಭುಜದ ಮೇಲೆ ಚರ್ಮದಡಿ ಗುರಾಣಿಯಂಥ ಗಟ್ಟಿ ಪದರ ಇರುತ್ತದೆ. ಏರ್‌ಗನ್ ಗುಂಡಾಗಲಿ ಹಕ್ಕಿ ಹೊಡೆಯುವ ಸಣ್ಣ ಚರೆಯಾಗಲಿ ಅದನ್ನು ದಾಟಿ ಹೋಗುವುದು ಕಷ್ಟ. ಹಂದಿ ಸಾಯದೆ ಗಾಯಗೊಂಡು ಪೊದೆ ಸೇರುತ್ತದೆ, ಬೆಳಿಗ್ಗೆ ಆ ದಾರಿಯಲ್ಲಿ ಬಂದವರ ಮೇಲೆ ಎರಗುತ್ತದೆ. ಇನ್ನು ಲೈಸೆನ್ಸ್ ಇಲ್ಲದ ನಾಡಬಂದೂಕು ಇಟ್ಟುಕೊಳ್ಳುವುದೇ ಜೈಲಿನ ಅಪರಾಧ. ಕಳಪೆ ನಳಿಗೆ ಸಿಡಿದರೆ ಹೋಗುವುದು ಹಿಡಿದವನ ಕೈ, ಕಣ್ಣು.

ಬಲವಾದ ರೈಫಲ್ ಆದರೋ? ಸಣ್ಣದೆನ್ನುವ .22 ರೈಫಲ್‌ನ ಗುಂಡೇ ಒಂದು ಕಿಲೋಮೀಟರಿಗಿಂತ ದೂರ ಹೋಗಬಲ್ಲದು. ನಮ್ಮ ತೋಟಗಳು ಒಂದಕ್ಕೊಂದು ತಾಗಿಕೊಂಡಿವೆ. ರಾತ್ರಿ ಕರೆಂಟ್ ಬಂದಾಗ ಮೋಟಾರ್ ಹಾಕಲು ಟಾರ್ಚ್ ಹಿಡಿದು ಯಾರಾದರೂ ಓಡಾಡುತ್ತಲೇ ಇರುತ್ತಾರೆ. ಕತ್ತಲಲ್ಲಿ ಪೊದೆ ಅಲುಗಿತೆಂದು ಹಾರಿಸಿದ ಗುಂಡಿಗೆ ಅಲ್ಲಿರುವುದು ಹಂದಿಯೋ ಪಕ್ಕದ ತೋಟದವರೋ ಗೊತ್ತಿರುವುದಿಲ್ಲ.

ಸಿಡಿಮದ್ದು, ಕರೆಂಟ್ ತಂತಿ

2020ರ ಮೇ ತಿಂಗಳಲ್ಲಿ ಕೇರಳದಲ್ಲಿ ಸಿಡಿಮದ್ದು ಕಚ್ಚಿ ಗರ್ಭಿಣಿ ಆನೆ ಸತ್ತದ್ದು ನೆನಪಿರಬಹುದು. 'ಮಲಪ್ಪುರಂನಲ್ಲಿ ಅನಾನಸ್ ತಿನ್ನಿಸಿ ಕೊಂದರು' ಎಂದೇ ಸುದ್ದಿ ಹರಡಿತು. ಘಟನೆ ನಡೆದದ್ದು ಪಾಲಕ್ಕಾಡ್ ಜಿಲ್ಲೆಯಲ್ಲಿ. ಮದ್ದು ಇಟ್ಟಿದ್ದು ತೆಂಗಿನಕಾಯಿಯಲ್ಲಿ, ಅದೂ ಕಾಡುಹಂದಿಗೆಂದು ಎಂಬುದು ಆಮೇಲೆ ತನಿಖೆಯಲ್ಲಿ ಬಂದ ಮಾಹಿತಿ. ಮದ್ದಿಗೆ ಹಂದಿ, ಆನೆ, ದನ, ನಾಯಿ ಎಂಬ ಭೇದವಿಲ್ಲ.

ಬೇಲಿಗೆ ನೇರವಾಗಿ ಮನೆಯ ಕರೆಂಟ್ ಕೊಡುವುದೂ ಅಷ್ಟೇ ಅಪಾಯ. 230 ವೋಲ್ಟ್ ಕರೆಂಟ್ ಬಿಡದೆ ಹರಿದು ಸ್ನಾಯುಗಳನ್ನು ಬಿಗಿಯುತ್ತದೆ, ಹಿಡಿದ ಕೈ ಬಿಡಲಾಗುವುದಿಲ್ಲ. ಸೋಲಾರ್ ಬೇಲಿಯ ಯಂತ್ರದ ರೀತಿ ಬೇರೆ. ಅದು ಸೆಕೆಂಡಿಗೆ ಸುಮಾರು ಒಂದು ಸಲ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಹೊಡೆತ ಕೊಟ್ಟು ನಿಲ್ಲುತ್ತದೆ. ಪ್ರಾಣಿ ಬೆದರಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ.

ಹಾಗಾದರೆ ಏನು ಮಾಡಬಹುದು?

• ಸೋಲಾರ್ ಬೇಲಿಯ ಕೆಳಗಿನ ತಂತಿ ನೆಲದಿಂದ ಒಂದು ಗೇಣಿನಷ್ಟೇ ಮೇಲಿರಲಿ. ಹಂದಿ ಬೇಲಿ ಹಾರುವುದಕ್ಕಿಂತ ನುಸುಳುವುದೇ ಹೆಚ್ಚು. ತಂತಿಗೆ ತಾಗುವ ಹುಲ್ಲು, ಬಿದ್ದ ತೆಂಗಿನ ಗರಿ ಆಗಾಗ ತೆಗೆಯಿರಿ. ಇಲ್ಲದಿದ್ದರೆ ಕರೆಂಟ್ ಸೋರಿ ಬೇಲಿ ಬರೀ ತಂತಿಯಾಗುತ್ತದೆ.
• ಹಗಲು ಹಂದಿ ಅಡಗುವುದು ಲಂಟಾನ, ಜಾಲಿ ಪೊದೆಗಳಲ್ಲಿ. ತೋಟದ ಅಂಚಿನ ಪೊದೆ ಸವರಿ.
• ಹಾನಿಯಾದರೆ ಬುಡ ಮುಚ್ಚುವ ಮುನ್ನ ಹೆಜ್ಜೆ ಗುರುತಿನ, ಸಸಿಯ ಫೋಟೊ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ. ಇದಕ್ಕೆ ಇಲಾಖೆಯ 'ಇ-ಪರಿಹಾರ' ವ್ಯವಸ್ಥೆ ಇದೆ. ಸಹಾಯವಾಣಿ ಸಂಖ್ಯೆ 1926.
• ಕಾಟ ಮಿತಿ ಮೀರಿದರೆ ಅಕ್ಕಪಕ್ಕದ ತೋಟದವರೆಲ್ಲ ಸೇರಿ ವಲಯ ಅರಣ್ಯಾಧಿಕಾರಿಗೆ ಲಿಖಿತ ದೂರು ಕೊಡಿ. ಕಾನೂನಿನ ಪ್ರಕಾರ ಹಂದಿ ಹೊಡೆಯುವ ಆದೇಶ ಬರಬೇಕಾದರೂ ದಾರಿ ಶುರುವಾಗುವುದು ಇಂಥ ದಾಖಲೆಯಿಂದಲೇ.

ಒಟ್ಟಿನಲ್ಲಿ, 'ರೈತರಿಗೆ ಲೈಸೆನ್ಸ್ ಬೇಡ' ಎಂಬುದು ಸುಳ್ಳು. 'ಯಾವ ಬಂದೂಕು?' ಎಂದು ಕೇಳುವ ಮೊದಲು 'ಯಾರ ಲಿಖಿತ ಆದೇಶ?' ಎಂದು ಕೇಳಿ. ಆ ವಿಡಿಯೊ ನಿಮ್ಮ ಗುಂಪಿಗೆ ಮತ್ತೆ ಬಂದರೆ ಮುಂದಕ್ಕೆ ಕಳಿಸಬೇಡಿ. ಅದರ ಕೆಳಗೆ ಈ ಪ್ರಶ್ನೆ ಹಾಕಿ.